ತಾಂತ್ರಿಕ ಸಲಹೆ ಕೇಳುವಾಗ, ಕೊಡುವಾಗ ನಮ್ಮ ಮಾತು ಹೇಗಿರಬೇಕು?

ಚರ್ಚೆ ಆರಂಭಿಸಿದವರು (ಸಾಫ್ಟ್‌ವೇರ್ ಉದ್ಯೋಗಿ, ಬೆಂಗಳೂರು)

ಎಲ್ಲರಿಗೂ ನಮಸ್ಕಾರ. ಪ್ರೋಗ್ರಾಮಿಂಗ್ ಪ್ರಶ್ನೋತ್ತರದ ಗುಂಪೊಂದರಲ್ಲಿ ಕಳೆದ ವಾರ ನಡೆದ ಒಂದು ಪ್ರಸಂಗವನ್ನು ನಿಮ್ಮ ಮುಂದಿಡುತ್ತಿದ್ದೇನೆ. ಪ್ರಸಂಗ ಸಣ್ಣದು. ಆದರೆ ಇಂಥ ಗುಂಪುಗಳಲ್ಲಿ ಹನ್ನೆರಡು ವರ್ಷಗಳಿಂದ ಉತ್ತರ ಬರೆಯುತ್ತ ಬಂದಿರುವ ನನಗೆ ಅದು ನಾಲ್ಕು ದಿನ ನೆಮ್ಮದಿ ಕೊಡಲಿಲ್ಲ, ಏಕೆಂದರೆ ಅದರಲ್ಲಿ ತಪ್ಪಿದವರ ಪೈಕಿ ನಾನೂ ಒಬ್ಬ.

ಒಬ್ಬ ವಿದ್ಯಾರ್ಥಿ ಹೀಗೆ ಕೇಳಿದ್ದ: “ಸರ್, ಕನ್ನಡ ಪದವನ್ನು ಹಿಂದುಮುಂದಾಗಿ ತಿರುಗಿಸುವ ಪೈಥಾನ್ ಪ್ರೋಗ್ರಾಂ ಕೆಲಸ ಮಾಡುತ್ತಿಲ್ಲ, ಅರ್ಜೆಂಟ್ ಇದೆ, ದಯವಿಟ್ಟು ಸಹಾಯ ಮಾಡಿ.” ಅಷ್ಟೇ. ಯಾವ ಪದ ಕೊಟ್ಟಿದ್ದ, ಏನು ಬರಬೇಕಿತ್ತು, ಏನು ಬಂತು ಎಂಬುದೊಂದೂ ಅದರಲ್ಲಿರಲಿಲ್ಲ. ಹತ್ತು ನಿಮಿಷದೊಳಗೆ ಮೊದಲನೆಯವರು, “ಇದನ್ನು ನೂರು ಸಲ ಕೇಳಿಯಾಗಿದೆ, ಹುಡುಕಿ ನೋಡಲು ಬರುವುದಿಲ್ಲವೇ?” ಎಂದರು. ಎರಡನೆಯವರು, “ನನ್ನಲ್ಲಿ ಸರಿಯಾಗಿಯೇ ಬರುತ್ತಿದೆ” ಎಂದರು. ಮೂರನೆಯವನು ನಾನು. “ಪದವನ್ನು ಗ್ರಾಫೀಮ್ ಕ್ಲಸ್ಟರ್‌ಗಳಾಗಿ ಒಡೆದು ತಿರುಗಿಸಿ, ಇಷ್ಟೇ ವಿಷಯ” ಎಂದು ಒಂದೇ ಸಾಲು ಬರೆದು ನನ್ನ ಕೆಲಸಕ್ಕೆ ಮರಳಿದೆ.

ಎರಡು ದಿನ ಆ ಹುಡುಗನ ಸುದ್ದಿಯೇ ಇರಲಿಲ್ಲ. ಮೂರನೆಯ ದಿನ ನನಗೊಬ್ಬನಿಗೇ ಸಂದೇಶ ಕಳಿಸಿದ: “ನೀವು ಹೇಳಿದಂತೆಯೇ ಮಾಡಿದೆ ಸರ್, ‘ಕರ್ನಾಟಕ’ ಕೊಟ್ಟರೆ ‘ಕಟನಾರ್ಕ’ ಬರುತ್ತಿದೆ. ನಾನು ಎಲ್ಲಿ ತಪ್ಪಿದ್ದೇನೆ ಎಂದು ತಿಳಿಯುತ್ತಿಲ್ಲ.” ಅವನು ಎಲ್ಲಿಯೂ ತಪ್ಪಿರಲಿಲ್ಲ. ತಪ್ಪು ನನ್ನ ಸಲಹೆಯಲ್ಲಿತ್ತು.

ವಿಷಯ ತಿಳಿಯದವರಿಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಕಂಪ್ಯೂಟರಿನಲ್ಲಿ ಎಲ್ಲ ಭಾಷೆಗಳ ಲಿಪಿಗೂ ಸಂಖ್ಯೆ ಕೊಡುವ ಯೂನಿಕೋಡ್‌ನಲ್ಲಿ ‘ಕರ್ನಾಟಕ’ ಎಂಬ ಪದ ಏಳು ಕೋಡ್ ಪಾಯಿಂಟ್‌ಗಳಾಗಿ, ಅಂದರೆ ಸಂಖ್ಯೆ ಪಡೆದ ಏಳು ತುಣುಕುಗಳಾಗಿ ಕೂತಿರುತ್ತದೆ: ಕ, ರ, ವಿರಾಮ (ವ್ಯಂಜನದ ‘ಅ’ಕಾರವನ್ನು ತೆಗೆಯುವ ಗುರುತು), ನ, ಆಕಾರದ ಗುರುತು, ಟ, ಕ. ಪೈಥಾನ್‌ನಲ್ಲಿ ಸುಮ್ಮನೆ ತಿರುಗಿಸಿದರೆ ಈ ಏಳೂ ತುಣುಕುಗಳು ಹಿಂದುಮುಂದಾಗಿ ‘ಕಟಾನ್ರಕ’ ಎಂದಾಗುತ್ತದೆ. ನಾನು ಹೇಳಿದ ಗ್ರಾಫೀಮ್ ಕ್ಲಸ್ಟರ್ ವಿಧಾನ, ಅಂದರೆ ಒಟ್ಟಿಗೆ ಇರಬೇಕಾದ ಕೋಡ್ ಪಾಯಿಂಟ್‌ಗಳನ್ನು ಒಂದೊಂದು ಗುಂಪಾಗಿ ಹಿಡಿಯುವ ವಿಧಾನ, ಗುಣಿತಾಕ್ಷರವನ್ನು ಕಾಪಾಡುತ್ತದೆ, ಆದರೆ ನಾನು ಪರೀಕ್ಷಿಸಿದ ಲೈಬ್ರರಿಯಲ್ಲಿ (ಸಿದ್ಧ ಕೋಡಿನ ಸಂಗ್ರಹದಲ್ಲಿ) ಅದು ವಿರಾಮದ ಬಳಿ ಒತ್ತಕ್ಷರವನ್ನು ತುಂಡರಿಸುತ್ತದೆ. ಕ, ರ್, ನಾ, ಟ, ಕ ಎಂದು ಐದು ತುಂಡಾಗುತ್ತದೆ, ತಿರುಗಿಸಿದಾಗ ‘ರ್’ ಹೋಗಿ ಕೊನೆಯ ‘ಕ’ಕ್ಕೆ ಅಂಟಿಕೊಳ್ಳುತ್ತದೆ. ಕನ್ನಡ ಓದುವವರ ಕಣ್ಣಿಗೆ ಆ ಪದದಲ್ಲಿರುವುದು ನಾಲ್ಕೇ ಅಕ್ಷರ, ಅವರಿಗೆ ಬೇಕಾದದ್ದು ‘ಕಟರ್ನಾಕ’.

“ನನ್ನಲ್ಲಿ ಸರಿಯಾಗಿ ಬರುತ್ತಿದೆ” ಎಂದವರನ್ನೂ ಆಮೇಲೆ ವಿಚಾರಿಸಿದೆ. ಅವರು ಸುಳ್ಳು ಹೇಳಿರಲಿಲ್ಲ. ಅವರು ಕೊಟ್ಟು ನೋಡಿದ ಪದ ‘ಕನ್ನಡ’. ಅದರ ನಡುವಿನ ಒತ್ತಕ್ಷರದಲ್ಲಿ ವಿರಾಮದ ಎರಡೂ ಕಡೆ ‘ನ’ ಇರುವುದರಿಂದ, ಸುಮ್ಮನೆ ತಿರುಗಿಸಿದರೂ ‘ಡನ್ನಕ’ ಎಂದು ಸರಿಯಾಗಿಯೇ ಬರುತ್ತದೆ. ಹುಡುಗ ತನ್ನ ಪದವನ್ನು ಹೇಳಿರಲಿಲ್ಲ, ನಾವು ಮೂವರಲ್ಲಿ ಒಬ್ಬರೂ ಅದನ್ನು ಕೇಳಲಿಲ್ಲ.

ಸಭ್ಯತೆ ಎಂದರೆ ‘ದಯವಿಟ್ಟು’, ‘ಧನ್ಯವಾದ’ಗಳನ್ನು ಸೇರಿಸುವುದಷ್ಟೇ ಎಂದುಕೊಂಡಿದ್ದೆ. ಆ ಹುಡುಗನ ಪ್ರಶ್ನೆಯಲ್ಲಿ ‘ಸರ್’ ಇತ್ತು, ‘ದಯವಿಟ್ಟು’ ಇತ್ತು. ನನ್ನ ಉತ್ತರದಲ್ಲಿ ಒಂದು ಕೆಟ್ಟ ಪದವೂ ಇರಲಿಲ್ಲ. ಆದರೂ ಎದುರಿಗಿರುವವರ ಶ್ರಮಕ್ಕೆ ಕೊಡಬೇಕಾದ ಮರ್ಯಾದೆಯನ್ನು ಇಬ್ಬರೂ ಕೊಟ್ಟಿರಲಿಲ್ಲ ಎಂದು ಈಗ ಅನ್ನಿಸುತ್ತಿದೆ. ನಿಮ್ಮ ಅನುಭವಗಳನ್ನು ತಿಳಿಸಿ.

ಪ್ರತಿಕ್ರಿಯೆ 1 (ಎಂಜಿನಿಯರಿಂಗ್ ಕಾಲೇಜಿನ ಅಧ್ಯಾಪಕಿ, ಮೈಸೂರು)

ಇದನ್ನು ಬರೆದದ್ದಕ್ಕೆ ಧನ್ಯವಾದಗಳು, ಸರ್. ನಮ್ಮ ವಿದ್ಯಾರ್ಥಿಗಳು ಪ್ರಶ್ನೆ ಕೇಳುವಾಗ ವಿನಯದ ಪದಗಳನ್ನು ಹುಡುಕಿ ಹುಡುಕಿ ಹಾಕುತ್ತಾರೆ, ವಿವರಗಳನ್ನು ಮಾತ್ರ ಬಿಟ್ಟುಬಿಡುತ್ತಾರೆ. ಇದರಲ್ಲಿ ಅವರ ತಪ್ಪಿಗಿಂತ ನಮ್ಮ ಪಾಠದ ಕ್ರಮದ ತಪ್ಪೇ ಹೆಚ್ಚು. ಹದಿನಾರು ವರ್ಷ ತರಗತಿಯಲ್ಲಿ ಕುಳಿತ ಮಗುವಿಗೆ ಉತ್ತರ ಬರೆಯುವುದನ್ನು ಕಲಿಸಿದ್ದೇವೆಯೇ ಹೊರತು ಪ್ರಶ್ನೆ ಬರೆಯುವುದನ್ನು ಒಂದು ದಿನವೂ ಕಲಿಸಿಲ್ಲ.

ದೋಷವನ್ನು ವರದಿ ಮಾಡುವುದು ಹೇಗೆ ಎಂಬ ಬಗ್ಗೆ ಬ್ರಿಟನ್ನಿನ ಪ್ರೋಗ್ರಾಮರ್ ಸೈಮನ್ ಟ್ಯಾಥಮ್ 1999ರಲ್ಲಿಯೇ ಒಂದು ಪ್ರಬಂಧ ಬರೆದಿದ್ದಾರೆ. ನಮ್ಮಲ್ಲಿ ಅನೇಕರು ಬಳಸುವ ಪುಟ್ಟಿ ಎಂಬ ತಂತ್ರಾಂಶವನ್ನು ಮಾಡಿದವರೂ ಅವರೇ. ಪ್ರೋಗ್ರಾಂ ವಿಫಲವಾಗುವುದನ್ನು ಬರೆದವರು ತಮ್ಮ ಕಣ್ಣಾರೆ ನೋಡುವಂತಾಗಬೇಕು, ಅದು ಸಾಧ್ಯವಿಲ್ಲದಿದ್ದರೆ ತಾವೇ ಅದನ್ನು ವಿಫಲಗೊಳಿಸಿ ನೋಡಲು ಬೇಕಾದ ವಿವರಗಳಾದರೂ ಅವರಿಗೆ ಸಿಗಬೇಕು ಎಂಬುದು ಅದರ ತಿರುಳು. ಸ್ಟ್ಯಾಕ್ ಓವರ್‌ಫ್ಲೋ ಎಂಬ ಪ್ರೋಗ್ರಾಮಿಂಗ್ ಪ್ರಶ್ನೋತ್ತರ ತಾಣದಲ್ಲಿ ಪ್ರಶ್ನೆಯ ಜೊತೆ ಒಂದು ಚಿಕ್ಕ, ಪೂರ್ಣ, ಯಾರು ಓಡಿಸಿದರೂ ಅದೇ ದೋಷವನ್ನು ತೋರಿಸುವ ಉದಾಹರಣೆ ಕೊಡಿ ಎಂದು ಕೇಳುವುದೂ ಇದೇ ಕಾರಣಕ್ಕೆ.

ನನ್ನ ಲ್ಯಾಬ್‌ನಲ್ಲಿ ಎರಡು ವರ್ಷಗಳಿಂದ ಒಂದು ಕ್ರಮ ಇಟ್ಟುಕೊಂಡಿದ್ದೇನೆ. ಯಾರೇ ನನ್ನನ್ನು ಕರೆಯುವ ಮೊದಲು ರೆಕಾರ್ಡ್ ಪುಸ್ತಕದ ಹಿಂದಿನ ಹಾಳೆಯಲ್ಲಿ ಮೂರು ಸಾಲು ಬರೆಯಬೇಕು. ನಾನು ಕೊಟ್ಟದ್ದು ಇದು, ಬರಬೇಕಾದದ್ದು ಇದು, ಬಂದದ್ದು ಇದು. ಬರೆಯುತ್ತ ಬರೆಯುತ್ತಲೇ ಎಷ್ಟೋ ಮಕ್ಕಳಿಗೆ ತಪ್ಪು ತಾನಾಗಿ ಕಾಣಿಸಿಬಿಡುತ್ತದೆ, ಕೈ ಎತ್ತಿದವರು ಮೆಲ್ಲಗೆ ಇಳಿಸುತ್ತಾರೆ. ಉಳಿದವರ ಪ್ರಶ್ನೆಗೆ ಉತ್ತರ ಹೇಳಲು ನನಗೂ ಸುಲಭ.

ಇನ್ನೊಂದು ಮಾತು. ‘ಅರ್ಜೆಂಟ್’ ಎಂಬ ಪದವನ್ನು ಬಳಸಬೇಡಿ ಎಂದು ನಾನು ಖಂಡಿತವಾಗಿ ಹೇಳುತ್ತೇನೆ. ನಮ್ಮ ಸಬ್ಮಿಷನ್ ನಾಳೆ ಇದ್ದರೆ ಅದು ನಮ್ಮ ಅವಸರ. ಬಿಟ್ಟಿಯಾಗಿ, ತಮ್ಮ ಬಿಡುವಿನಲ್ಲಿ ಉತ್ತರ ಕೊಡುವವರ ಮೇಲೆ ಅದನ್ನು ಹೊರಿಸಬಾರದು.

ಪ್ರತಿಕ್ರಿಯೆ 2 (ಎಂಬೆಡೆಡ್ ಸಾಫ್ಟ್‌ವೇರ್ ಎಂಜಿನಿಯರ್, ಹುಬ್ಬಳ್ಳಿ)

ಎಲ್ಲರೂ ಒಪ್ಪುವ ಮಾತಿಗೆ ಸ್ವಲ್ಪ ಎದುರಾಗಿ ಬರೆಯುತ್ತಿದ್ದೇನೆ, ತಪ್ಪು ತಿಳಿಯಬಾರದು. ಮೊದಲನೆಯವರು ಸಿಡುಕಿದ್ದು ಸರಿ ಎನ್ನುವುದಿಲ್ಲ. ಆದರೆ ಅವರ ಸ್ಥಾನದಲ್ಲಿ ನಿಂತು ನೋಡಿದವರಿಗೆ ಆ ಸಿಡುಕು ಎಲ್ಲಿಂದ ಬಂತೆಂದು ಗೊತ್ತು. ಒಂದೇ ಪ್ರಶ್ನೆಗೆ ಐದು ವರ್ಷ ಉತ್ತರ ಹೇಳಿದ ಮನುಷ್ಯನಿಗೆ ದಣಿವಾಗುತ್ತದೆ. ಹೊಸಬರ ನೋವಿನ ಬಗ್ಗೆ ಬರೆಯುವಾಗ ಈ ದಣಿವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಎರಡನೆಯದಾಗಿ, ನಮ್ಮ ಕ್ಷೇತ್ರದಲ್ಲಿ ತಪ್ಪನ್ನು ತಪ್ಪು ಎಂದು ನೇರವಾಗಿ ಹೇಳದೆ ವಿಧಿಯಿಲ್ಲ. ಮೆಮೊರಿ ಎರಡು ಸಲ ಬಿಡುಗಡೆಯಾಗಿ ಪ್ರೋಗ್ರಾಂ ಕುಸಿಯಬಹುದಾದ ಕೋಡನ್ನು ಯಾರಾದರೂ ಕಳಿಸಿದಾಗ, “ಚೆನ್ನಾಗಿದೆ, ಸ್ವಲ್ಪ ಇನ್ನೊಮ್ಮೆ ಗಮನಿಸಬಹುದೇನೋ” ಎಂದು ಬೆಣ್ಣೆ ಹಚ್ಚಿ ಬರೆದರೆ ಅವರು ಅದನ್ನು ಸಲಹೆ ಎಂದುಕೊಂಡು ಬಿಟ್ಟುಬಿಡುತ್ತಾರೆ. ನನ್ನ ಮೊದಲ ಕೆಲಸದಲ್ಲಿ ಹಿರಿಯರೊಬ್ಬರು ಹೀಗೆ ಮೆತ್ತಗೆ ಹೇಳಿದ ಮಾತು ನನಗೆ ಅರ್ಥವಾಗದೆ, ಅದೇ ತಪ್ಪು ಗ್ರಾಹಕರ ಯಂತ್ರದವರೆಗೆ ಹೋಯಿತು. ಅವರು ಅಂದು ಗಟ್ಟಿಯಾಗಿ ಹೇಳಿದ್ದರೆ ನನಗೆ ಉಪಕಾರವಾಗುತ್ತಿತ್ತು.

ಪ್ರತಿಕ್ರಿಯೆ 3 (ಮುಕ್ತ ತಂತ್ರಾಂಶ ಯೋಜನೆಯೊಂದರ ನಿರ್ವಾಹಕಿ, ಜರ್ಮನಿಯಲ್ಲಿ ವಾಸ)

ಹುಬ್ಬಳ್ಳಿಯ ಗೆಳೆಯರು ಎತ್ತಿದ ಮಾತು ಬಹಳ ಮುಖ್ಯವಾದದ್ದು, ಅದನ್ನು ದಾಟಿ ಹೋಗಬಾರದು. ನೇರವಾಗಿ ಹೇಳುವುದಕ್ಕೂ ಒರಟಾಗಿ ಹೇಳುವುದಕ್ಕೂ ನಡುವಿನ ಗೆರೆ ಎಲ್ಲಿದೆ ಎಂದು ನಮ್ಮ ಲೋಕ ಅತಿ ಹೆಚ್ಚು ಜಗಳವಾಡಿದ್ದು ಲಿನಕ್ಸ್ ಎಂಬ ಕಾರ್ಯಾಚರಣೆ ವ್ಯವಸ್ಥೆಯ ತಿರುಳಾದ ಕರ್ನಲ್ ಬರೆಯುವವರ ಇಮೇಲ್ ಅಂಚೆಪಟ್ಟಿಯಲ್ಲಿ. ಬೈಗುಳ ಸಾಕು ಎಂದು ಕರ್ನಲ್ ಡೆವಲಪರ್ ಸೇಜ್ ಶಾರ್ಪ್ 2013ರಲ್ಲಿ ಬಹಿರಂಗವಾಗಿ ಕೇಳಿದರು. ಲಿನಕ್ಸ್ ಕರ್ನಲ್ ಆರಂಭಿಸಿದ ಲೈನಸ್ ಟೋರ್ವಾಲ್ಡ್ಸ್ ಆಗ ಅದನ್ನು ಒಪ್ಪಲಿಲ್ಲ. 2015ರಲ್ಲಿ ಶಾರ್ಪ್ ಕರ್ನಲ್ ಕೆಲಸವನ್ನು ಬಿಟ್ಟ ಕಾರಣವನ್ನು ಬರೆದು ಹೊರನಡೆದರು. 2018ರ ಸೆಪ್ಟೆಂಬರಿನಲ್ಲಿ ಟೋರ್ವಾಲ್ಡ್ಸ್ ಅವರೇ ತಮ್ಮ ಮಾತಿನ ರೀತಿಗೆ ಕ್ಷಮೆ ಕೇಳಿ, ಕೆಲವು ವಾರ ಬಿಡುವು ತೆಗೆದುಕೊಂಡರು. ಅದೇ ಹೊತ್ತಿನಲ್ಲಿ ಕರ್ನಲ್ ಯೋಜನೆ ಹೊಸ ನಡವಳಿಕೆಯ ಸಂಹಿತೆಯನ್ನು ಒಪ್ಪಿಕೊಂಡಿತು. ಅಷ್ಟಾದ ಮೇಲೂ ಕರ್ನಲ್‌ನಲ್ಲಿ ಕೆಟ್ಟ ಪ್ಯಾಚ್ (ಸೇರಿಸಲು ಕಳಿಸಿದ ಕೋಡ್ ಬದಲಾವಣೆ) ತಿರಸ್ಕೃತವಾಗುತ್ತಲೇ ಇದೆ, ಕೋಡ್ ಸಡಿಲವಾಗಿಲ್ಲ. ಕೋಡಿನ ಬಗ್ಗೆ ಕಟುವಾಗಿ ಹೇಳಬಹುದು, ಬರೆದವರ ಬುದ್ಧಿಯ ಬಗ್ಗೆ ಹೇಳಬೇಕಾದ ಅಗತ್ಯ ಒಂದು ಸಲವೂ ಬರುವುದಿಲ್ಲ.

ನಾನು ಪರಿಶೀಲನೆ ಬರೆಯುವ ರೀತಿ ಹೀಗಿದೆ. “ನೀವು ಇಲ್ಲಿ ಮೆಮೊರಿಯನ್ನು ಎರಡು ಸಲ ಬಿಟ್ಟಿದ್ದೀರಿ, ಇಷ್ಟೂ ಗೊತ್ತಿಲ್ಲವೇ” ಎನ್ನುವ ಬದಲು, “ನಲವತ್ತನೆಯ ಸಾಲಿನಲ್ಲಿ ದೋಷ ಉಂಟಾದರೆ ಈ ಮೆಮೊರಿ ಎರಡು ಸಲ ಬಿಡುಗಡೆಯಾಗುತ್ತದೆ, ಇದನ್ನು ಸರಿಪಡಿಸದೆ ಸೇರಿಸಲು ಆಗುವುದಿಲ್ಲ” ಎಂದು ಬರೆಯುತ್ತೇನೆ. ಇದರಲ್ಲಿ ಬೆಣ್ಣೆಯೂ ಇಲ್ಲ, ಬೆಂಕಿಯೂ ಇಲ್ಲ. ಸರಿಪಡಿಸಲೇಬೇಕಾದದ್ದು ಯಾವುದು, ನನ್ನ ಅಭಿರುಚಿಯ ಮಾತು ಯಾವುದು ಎಂದು ಬೇರೆ ಬೇರೆಯಾಗಿ ಗುರುತಿಸುತ್ತೇನೆ. ಗೂಗಲ್‌ನವರು ಹೊರತಂದ ಪರಿಶೀಲನಾ ಮಾರ್ಗಸೂಚಿಯಲ್ಲಿ ಸಣ್ಣಪುಟ್ಟ ಮಾತಿನ ಮುಂದೆ ‘ನಿಟ್’ ಎಂದು ಹಾಕುವ ರೂಢಿಯನ್ನು ಹೇಳಿರುವುದು ಇದಕ್ಕಾಗಿಯೇ. ಹಾಗೆ ಗುರುತಿಸದಿದ್ದರೆ ಹೊಸಬರು ಹದಿನೈದು ಟಿಪ್ಪಣಿಗಳನ್ನು ಹದಿನೈದು ಏಟುಗಳೆಂದು ಎಣಿಸಿ ಕುಸಿದುಬಿಡುತ್ತಾರೆ.

ಭಾರತದಿಂದ ಬರೆಯುವವರಿಗೆ ಪ್ರತ್ಯೇಕವಾಗಿ ಎರಡು ವಿಷಯ ಹೇಳಬೇಕು. ನಮ್ಮ ಇಂಗ್ಲಿಷಿನಲ್ಲಿ ‘ಡೌಟ್’ ಎಂದರೆ ತಿಳಿಯದೆ ಇರುವ ವಿಷಯ. ನಾವು ‘ಸಂದೇಹ’ ಎಂಬ ಪದವನ್ನು ಎರಡೂ ಅರ್ಥದಲ್ಲಿ ಬಳಸುವುದರಿಂದ ನಮಗದು ಸಹಜ. ಇಲ್ಲಿಯವರ ಕಿವಿಗೆ, “ನಿಮ್ಮ ಉತ್ತರದ ಬಗ್ಗೆ ನನಗೆ ಡೌಟ್ ಇದೆ” ಎಂದರೆ ಉತ್ತರದ ಮೇಲೆ ನಂಬಿಕೆಯಿಲ್ಲ ಎಂದು ಕೇಳಿಸುತ್ತದೆ. ಇನ್ನೊಂದು ‘ರಿವರ್ಟ್’. ನಮ್ಮ ಕಚೇರಿಗಳಲ್ಲಿ ‘ಪ್ಲೀಸ್ ರಿವರ್ಟ್’ ಎಂದರೆ ಉತ್ತರ ಬರೆಯಿರಿ ಎಂದರ್ಥ. ಕೋಡಿನ ಬದಲಾವಣೆಗಳ ದಾಖಲೆ ಇಡುವ ಗಿಟ್ ತಂತ್ರಾಂಶ ಬಳಸುವವರಿಗೆ ರಿವರ್ಟ್ ಎಂದರೆ ಮಾಡಿದ ಬದಲಾವಣೆಯನ್ನು ಹಿಂದೆಗೆಯುವುದು. ನಮ್ಮ ಯೋಜನೆಯಲ್ಲಿ ಒಬ್ಬ ತರುಣ ತನ್ನ ಕೋಡಿನ ಕೆಳಗೆ ‘ಪ್ಲೀಸ್ ರಿವರ್ಟ್’ ಎಂದು ಬರೆದಿದ್ದ. ನನ್ನ ಸಹೋದ್ಯೋಗಿ ಅದನ್ನು ಓದಿ, ಈತ ತನ್ನ ಬದಲಾವಣೆಯನ್ನೇ ತೆಗೆಯಿರಿ ಎನ್ನುತ್ತಿದ್ದಾನಲ್ಲ ಎಂದು ಗೊಂದಲಗೊಂಡರು. ನಾನು ಕನ್ನಡದವಳಾಗಿದ್ದರಿಂದ ಆ ಮಾತು ಏನೆಂದು ತಿಳಿಸಲು ಸಾಧ್ಯವಾಯಿತು. ಉತ್ತರ ಕೊಡುವವರೂ ಇಂಥ ಕಡೆ ಅವಸರದ ತೀರ್ಮಾನಕ್ಕೆ ಬರಬಾರದು. ಬರೆದವರು ತಮ್ಮ ಎರಡನೆಯದೋ ಮೂರನೆಯದೋ ಭಾಷೆಯಲ್ಲಿ ಬರೆಯುತ್ತಿರಬಹುದು.

ಮತ್ತು, ಬರುವ ಪತ್ರಗಳೆಲ್ಲ ‘ಡಿಯರ್ ಸರ್’ ಎಂದೇ ಆರಂಭವಾಗುತ್ತವೆ. ನನ್ನ ಹೆಸರು ಪುಟದ ಮೇಲೆಯೇ ಇದೆ. ಯೋಜನೆ ನಡೆಸುವವರು ಗಂಡಸೇ ಎಂದು ಮೊದಲೇ ನಿರ್ಧರಿಸದೆ ಹೆಸರು ಹಿಡಿದು ಬರೆದರೆ ಸಾಕು, ನನಗೆ ಅದೇ ಗೌರವ.

ಪ್ರತಿಕ್ರಿಯೆ 4 (ಪ್ರಶ್ನೆ ಕೇಳಿದ ವಿದ್ಯಾರ್ಥಿ)

ಈ ಚರ್ಚೆಯ ಕೊಂಡಿಯನ್ನು ಸರ್ ಅವರೇ ನನಗೆ ಕಳಿಸಿದರು. ಬರೆಯಬೇಕೋ ಬೇಡವೋ ಎಂದು ಯೋಚಿಸಿ ಬರೆಯುತ್ತಿದ್ದೇನೆ.

ಎರಡು ದಿನ ನಾನು ಸುಮ್ಮನಿದ್ದದ್ದು ಕೋಪದಿಂದಲ್ಲ. ಮೊದಲ ಉತ್ತರ ಓದಿದಾಗ ನಾಚಿಕೆಯಾಯಿತು. ನಾನು ಹುಡುಕಿದ್ದೆ. ಸಿಕ್ಕಿದ ಉತ್ತರಗಳೆಲ್ಲ ಇಂಗ್ಲಿಷ್ ಅಕ್ಷರಗಳ ಬಗ್ಗೆಯೇ ಇದ್ದವು. ಆದರೆ ಹುಡುಕಿದ್ದೇನೆ ಎಂದು ಪ್ರಶ್ನೆಯಲ್ಲಿ ಬರೆದಿರಲಿಲ್ಲ, ಹಾಗಾಗಿ ಅವರಿಗೆ ತಿಳಿಯುವ ದಾರಿಯೇ ಇರಲಿಲ್ಲ. ಎರಡನೆಯವರು ತಮ್ಮಲ್ಲಿ ಸರಿಯಾಗಿ ಬರುತ್ತಿದೆ ಎಂದಾಗ ನನ್ನ ಲ್ಯಾಪ್‌ಟಾಪಿನಲ್ಲಿಯೇ ಏನೋ ಕೆಟ್ಟಿದೆ ಎಂದುಕೊಂಡು ಪೈಥಾನನ್ನು ತೆಗೆದು ಮತ್ತೆ ಹಾಕಿದೆ, ಒಂದು ಸಂಜೆ ಪೂರ್ತಿ ಅದರಲ್ಲೇ ಹೋಯಿತು. ಸರ್ ಬರೆದ ‘ಇಷ್ಟೇ ವಿಷಯ’ ಎಂಬ ಮಾತು ಮಾತ್ರ ಹೆಚ್ಚು ಕಾಡಿತು. ಅಷ್ಟು ಸುಲಭವಾದದ್ದು ನನಗೆ ಬಾರದಿದ್ದರೆ ಈ ಕೋರ್ಸನ್ನೇ ತಪ್ಪಾಗಿ ಆರಿಸಿಕೊಂಡೆನೇನೋ ಎನ್ನಿಸಿತು. ಅದಕ್ಕೇ ಎಲ್ಲರ ಎದುರಿಗೆ ಮತ್ತೆ ಕೇಳಲು ಧೈರ್ಯ ಬಾರದೆ ಸರ್‌ಗೆ ಒಬ್ಬರಿಗೇ ಬರೆದೆ.

“ನೀವು ಯಾವ ಪದ ಕೊಟ್ಟಿರಿ?” ಎಂದು ಯಾರಾದರೂ ಕೇಳಿದ್ದರೆ ನಾನು ತಕ್ಷಣ ಹೇಳುತ್ತಿದ್ದೆ. ನನ್ನ ಕಡೆಯಿಂದ ಆದ ಇನ್ನೊಂದು ತಪ್ಪನ್ನೂ ಹೇಳಿಬಿಡುತ್ತೇನೆ. ಅದೇ ಪ್ರಶ್ನೆಯನ್ನು ಅದೇ ದಿನ ಬೇರೆ ಎರಡು ಗುಂಪುಗಳಲ್ಲೂ ಹಾಕಿದ್ದೆ, ಅದನ್ನು ಯಾರಿಗೂ ತಿಳಿಸಿರಲಿಲ್ಲ. ಒಂದು ಕಡೆ ಒಬ್ಬರು ನನಗಾಗಿ ಮೂವತ್ತು ಸಾಲಿನ ಕೋಡ್ ಬರೆದಿದ್ದರು. ನಾನು ಆ ಕಡೆ ತಿರುಗಿಯೂ ನೋಡಿರಲಿಲ್ಲ. ನಿನ್ನೆ ಹೋಗಿ ಓದಿ, ಪ್ರಯತ್ನಿಸಿ, ಫಲಿತಾಂಶವನ್ನು ಬರೆದು ಬಂದೆ.

ಪ್ರತಿಕ್ರಿಯೆ 5 (ವೆಬ್ ಡೆವಲಪರ್, ಮಂಗಳೂರು)

ತಮ್ಮ, ನೀನು ಬರೆದದ್ದು ಒಳ್ಳೆಯದಾಯಿತು. ‘ಇಷ್ಟೇ’, ‘ಸುಲಭ’, ‘ಸುಮ್ಮನೆ ಹೀಗೆ ಮಾಡಿ’ ಎಂಬ ಪದಗಳ ಬಗ್ಗೆ ನನಗೂ ಇದೇ ಅಭಿಪ್ರಾಯವಿದೆ. ಬರೆಯುವವರು ಧೈರ್ಯ ತುಂಬಲು ಬಳಸುತ್ತಾರೆ, ಓದುವವರಿಗೆ ಅದು ಅಳತೆಗೋಲಾಗುತ್ತದೆ. ನ್ಯೂಯಾರ್ಕಿನಲ್ಲಿ ರಿಕರ್ಸ್ ಸೆಂಟರ್ ಎಂಬ ಪ್ರೋಗ್ರಾಮಿಂಗ್ ಕಲಿಕೆಯ ತಾಣವಿದೆ. ಅಲ್ಲಿ ಕೆಲವೇ ಕೆಲವು ನಿಯಮಗಳಿವೆ, ಅವುಗಳಲ್ಲಿ ಒಂದು, “ಅಯ್ಯೋ, ಇದೂ ಗೊತ್ತಿಲ್ಲವೇ?” ಎಂದು ಆಶ್ಚರ್ಯ ನಟಿಸಬಾರದು ಎಂಬುದು. ಇನ್ನೊಂದು, ಮಾತಿನ ಮುಖ್ಯ ವಿಷಯಕ್ಕೆ ಸಂಬಂಧವಿಲ್ಲದ ಸಣ್ಣ ತಪ್ಪನ್ನು ಹಿಡಿದು ತಿದ್ದಬಾರದು ಎಂಬುದು. ನಾನು ಈ ಎರಡನ್ನೂ ಕೆಲಸದ ಮೇಜಿನ ಮೇಲೆ ಬರೆದಿಟ್ಟುಕೊಂಡಿದ್ದೇನೆ.

ಸ್ಟ್ಯಾಕ್ ಓವರ್‌ಫ್ಲೋ ಆರಂಭವಾದದ್ದು 2008ರಲ್ಲಿ. ತಮ್ಮ ತಾಣ ಹೊಸಬರನ್ನು ಸರಿಯಾಗಿ ಬರಮಾಡಿಕೊಳ್ಳುತ್ತಿಲ್ಲ ಎಂದು ಅದನ್ನು ನಡೆಸುವವರೇ 2018ರ ಏಪ್ರಿಲಿನಲ್ಲಿ ಬಹಿರಂಗವಾಗಿ ಒಪ್ಪಿಕೊಂಡರು. ಅದೇ ವರ್ಷ ನಡವಳಿಕೆಯ ಸಂಹಿತೆಯನ್ನು ಹೊಸದಾಗಿ ಬರೆದು, ಮೊದಲ ಸಲ ಕೇಳುವವರ ಹೆಸರಿನ ಬಳಿ ‘ಹೊಸ ಸದಸ್ಯರು’ ಎಂಬ ಗುರುತು ಹಾಕತೊಡಗಿದರು. ಆ ಗುರುತು ಕಂಡಾಗ ನನ್ನ ಬೆರಳು ತಾನಾಗಿ ನಿಧಾನವಾಗುತ್ತದೆ, ಅದು ನಿಜ.

ಹುಬ್ಬಳ್ಳಿಯವರು ಹೇಳಿದ ದಣಿವಿಗೆ ನಾನು ಕಂಡುಕೊಂಡ ಪರಿಹಾರ ಇಷ್ಟು. ದಣಿದ ದಿನ ಉತ್ತರ ಬರೆಯುವುದಿಲ್ಲ. 1995ರಲ್ಲಿ ಅಂತರಜಾಲದ ಶಿಷ್ಟಾಚಾರಕ್ಕೆಂದು ಹೊರಬಂದ ದಾಖಲೆಯಲ್ಲಿಯೇ (ಆರ್‌ಎಫ್‌ಸಿ ಎಂಬ ಅಂತರಜಾಲ ದಾಖಲೆಗಳ ಸರಣಿಯ ಕ್ರಮಸಂಖ್ಯೆ 1855), ಭಾವೋದ್ವೇಗದ ಉತ್ತರವನ್ನು ಒಂದು ರಾತ್ರಿ ಕಳೆದ ಮೇಲೆ ಕಳಿಸಿ ಎಂಬ ಸೂಚನೆಯಿದೆ. ಉತ್ತರ ಕೊಡಲೇಬೇಕೆಂಬ ಕಟ್ಟುಪಾಡು ಯಾರಿಗೂ ಇಲ್ಲ.

ಪ್ರತಿಕ್ರಿಯೆ 6 (ಎಂಬೆಡೆಡ್ ಸಾಫ್ಟ್‌ವೇರ್ ಎಂಜಿನಿಯರ್, ಹುಬ್ಬಳ್ಳಿ)

ಜರ್ಮನಿಯ ಮೇಡಂ ಕೊಟ್ಟ ನಲವತ್ತನೆಯ ಸಾಲಿನ ಉದಾಹರಣೆಯನ್ನು ಒಪ್ಪುತ್ತೇನೆ. ನನಗೆ ಅಂದು ಬೇಕಾಗಿದ್ದದ್ದು ಅಂಥ ವಾಕ್ಯವೇ. ಗಟ್ಟಿಯಾಗಿ ಹೇಳಬೇಕಿತ್ತು ಎಂದು ನಾನು ಬರೆದದ್ದು ನಿಖರವಾಗಿ ಹೇಳಬೇಕಿತ್ತು ಎಂದಾಗಬೇಕು.

ಒಂದು ವಿಷಯವನ್ನು ಮಾತ್ರ ಬಿಡಲಾರೆ. ಉತ್ತರ ಪಡೆದವರು ಮರಳಿ ಬಂದು ಏನಾಯಿತೆಂದು ಹೇಳಬೇಕು. “ಸರಿಹೋಯಿತು, ಧನ್ಯವಾದ” ಎಂದಷ್ಟೇ ಬರೆದು, ಹೇಗೆ ಸರಿಹೋಯಿತೆಂದು ಬರೆಯದೆ ಹೋಗುವವರು ಮುಂದೆ ಅದೇ ತೊಂದರೆಯಲ್ಲಿ ಸಿಕ್ಕಿ ಅಲ್ಲಿಗೆ ಬರುವವರನ್ನು ನಡುನೀರಿನಲ್ಲಿ ಬಿಟ್ಟಂತೆ. ಈ ಹುಡುಗ ಹಿಂದಿರುಗಿ ಹೋಗಿ ಫಲಿತಾಂಶ ಬರೆದ ಎಂದು ಓದಿ ನನಗೆ ನಿಜವಾಗಿ ಸಂತೋಷವಾಯಿತು.

ಚರ್ಚೆ ಆರಂಭಿಸಿದವರು

ಎಲ್ಲರ ಮಾತನ್ನೂ ಓದಿದೆ. ಮೂಲ ಗುಂಪಿಗೆ ಹೋಗಿ ನನ್ನ ಹಳೆಯ ಉತ್ತರವನ್ನು ಅಳಿಸದೆ, ಅದರ ಮೇಲೆಯೇ “ಈ ಸಲಹೆ ಒತ್ತಕ್ಷರವಿರುವ ಪದಗಳಿಗೆ ತಪ್ಪು, ಪ್ರಶ್ನೆ ಕೇಳಿದವರೇ ಪರೀಕ್ಷಿಸಿ ತೋರಿಸಿದ್ದಾರೆ” ಎಂದು ಬರೆದು ಕೆಳಗೆ ತಿದ್ದಿದ ಉತ್ತರ ಹಾಕಿದ್ದೇನೆ. ಅಳಿಸಿದ್ದರೆ ನನ್ನ ಮಾನ ಉಳಿಯುತ್ತಿತ್ತು, ಆದರೆ ಅದನ್ನು ಈಗಾಗಲೇ ಓದಿದವರಿಗೆ ಅದು ತಪ್ಪೆಂದು ತಿಳಿಯುತ್ತಿರಲಿಲ್ಲ. ತಿದ್ದುಪಡಿ ಹೀಗಿದೆ: ಒಂದು ವ್ಯಂಜನ, ಅದರ ನಂತರ ವಿರಾಮ ಮತ್ತು ವ್ಯಂಜನದ ಜೋಡಿ ಎಷ್ಟಿದ್ದರೂ ಅಷ್ಟು, ಆಮೇಲೆ ಸ್ವರದ ಗುರುತೋ ಕೊನೆಯ ವಿರಾಮವೋ ಇದ್ದರೆ ಅದು, ಕೊನೆಗೆ ಅನುಸ್ವಾರ ಅಥವಾ ವಿಸರ್ಗವಿದ್ದರೆ ಅದು, ಇಷ್ಟನ್ನು ಸೇರಿಸಿ ಒಂದು ಅಕ್ಷರವೆಂದು ಹಿಡಿಯಬೇಕು. ಸ್ವತಂತ್ರ ಸ್ವರಗಳನ್ನು ಬೇರೆಯಾಗಿ ನೋಡಿಕೊಳ್ಳಬೇಕು.

ಪ್ರತಿಕ್ರಿಯೆ 7 (ಪ್ರಶ್ನೆ ಕೇಳಿದ ವಿದ್ಯಾರ್ಥಿ)

ಮೇಡಂ ಹೇಳಿದ ಮೂರು ಸಾಲಿನ ಕ್ರಮದಲ್ಲಿ ಬರೆಯುತ್ತಿದ್ದೇನೆ. ಸರ್ ಹೇಳಿದ ಹೊಸ ವಿಧಾನಕ್ಕೆ ನಾನು ಕೊಟ್ಟ ಪದಗಳು ‘ಕರ್ನಾಟಕ’, ‘ಕನ್ನಡ’, ‘ರಾಷ್ಟ್ರ’. ಬರಬೇಕಾದದ್ದು ‘ಕಟರ್ನಾಕ’, ‘ಡನ್ನಕ’, ‘ಷ್ಟ್ರರಾ’. ಬಂದದ್ದೂ ಅವೇ. ನಾನು ಗಮನಿಸದೆ ಬಿಟ್ಟ ಪದಗಳಿದ್ದರೆ ದಯವಿಟ್ಟು ತಿಳಿಸಿ. ಅವಸರವಿಲ್ಲ.

ಪ್ರತಿಕ್ರಿಯೆ 8 (ಮುಕ್ತ ತಂತ್ರಾಂಶ ಯೋಜನೆಯೊಂದರ ನಿರ್ವಾಹಕಿ, ಜರ್ಮನಿಯಲ್ಲಿ ವಾಸ)

ಮೂರೂ ಸರಿಯಾಗಿವೆ. ‘ಸಾಫ್ಟ್‌ವೇರ್’ ಎಂಬ ಪದವನ್ನೂ ಒಮ್ಮೆ ಕೊಟ್ಟು ನೋಡಿ. ‘ಟ್’ ಮತ್ತು ‘ವೇ’ ಒತ್ತಕ್ಷರವಾಗಿ ಕೂಡಿಕೊಳ್ಳದಂತೆ ತಡೆಯಲು ಅವುಗಳ ನಡುವೆ ಕಣ್ಣಿಗೆ ಕಾಣದ ಒಂದು ಕೋಡ್ ಪಾಯಿಂಟ್ ಇರುತ್ತದೆ. ಅದು ನಿಮ್ಮ ನಿಯಮದಲ್ಲಿ ಎಲ್ಲಿಗೆ ಸೇರುತ್ತದೆ ಎಂದು ನೋಡಬೇಕು. ಬಂದ ಫಲಿತಾಂಶವನ್ನು ಇಲ್ಲಿಯೇ ಹಾಕಿ, ನಾಳೆ ಸಂಜೆ ಕುಳಿತು ಓದುತ್ತೇನೆ.